ಉಡಿಯಲ್ಲಿ ತಂದ ಪಲ್ಯೆ

ಬಳ್ಳಾರಿಯಲ್ಲಿ ನಾನಿರುವ ಓಣಿಯ ತುದಿಗೆ ಒಂದು ರೊಟ್ಟಿ ಅಂಗಡಿ ಇದೆ. ಅಂಗಡಿ ಅಂದರೆ ಬೋರ್ಡು, ಗಲ್ಲಾಪೆಟ್ಟಿಗೆ ಏನೂ ಇಲ್ಲ. ಒಂದು ಮನೆಯ ಪಡಸಾಲೆ, ಮೂರು ಒಲೆ, ಮೂವರು ಹೆಂಗಸರು. ಬೆಳಿಗ್ಗೆಯಿಂದ ಕತ್ತಲಾಗುವ ತನಕ ಪಟಪಟ ಸದ್ದು. ನಾನು ವಾರಕ್ಕೆ ಎರಡು ಸಲ ಹತ್ತತ್ತು ರೊಟ್ಟಿ ಕಟ್ಟಿಸಿಕೊಂಡು ಬರುತ್ತೇನೆ. ಒಂದು ದಿನ ಹಿರಿಯಾಕೆ ಹಿಟ್ಟು ನಾದುತ್ತಲೇ ಕೇಳಿದರು.

"ಯಾವೂರಾತು ನಿಮ್ದು?"

"ಕಾರಟಗಿ ಕಡೆ."

"ಓ, ಹಂಗಾದ್ರ ನೀವು ಅನ್ನದೋರು. ರೊಟ್ಟಿ ಯಾರಿಗೆ ಒಯ್ತೀರಿ?"

ತಮಾಷೆಗೆ ಅಂದಿದ್ದು. ಉಳಿದಿಬ್ಬರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬರುವ ತನಕ ಆ 'ಅನ್ನದೋರು' ತಲೆಯಲ್ಲೇ ಇತ್ತು. ಜಾತಿ ಕೇಳುವುದು ಗೊತ್ತು, ಹೊಲ ಎಷ್ಟು ಅಂತ ಕೇಳುವುದೂ ಗೊತ್ತು. ಊರಿನ ಹೆಸರು ಹೇಳಿದರೆ ತಾಟಿನಲ್ಲಿ ಏನಿರುತ್ತೆ ಅಂತ ಹೇಳಿಬಿಡುವವರು ಇನ್ನೂ ಇದ್ದಾರಲ್ಲ!

ನಿಜ ಹೇಳಬೇಕೆಂದರೆ ನಾನು ಅರ್ಧ ಅನ್ನದವನು, ಅರ್ಧ ರೊಟ್ಟಿಯವನು. ಅಪ್ಪನ ಊರು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ. ಅವ್ವನ ತವರು ಕುಷ್ಟಗಿ ಕಡೆ. ಅಲ್ಲಿ ಮಳೆ ಬಂದರೆ ಬೆಳೆ, ಬರದಿದ್ದರೆ ಗುಳೆ. ಎರಡೂ ಕೊಪ್ಪಳ ಜಿಲ್ಲೆಯವೇ, ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ಆದರೆ ಊಟಕ್ಕೆ ಕುಂತರೆ ಬೇರೆ ಬೇರೆ ದೇಶ. ಅಜ್ಜಿ ಮನೆಯಲ್ಲಿ ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ರೊಟ್ಟಿ, ರಾತ್ರಿ ನುಚ್ಚು ಮಜ್ಜಿಗೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಸಾರು. ಚಿಕ್ಕವನಿದ್ದಾಗ ಇದು ಆಯಾ ಮನೆಯವರ ರುಚಿ ಅಂದುಕೊಂಡಿದ್ದೆ. ರುಚಿಗೂ ಇದಕ್ಕೂ ಅಂಥ ಸಂಬಂಧ ಇಲ್ಲ ಅಂತ ಗೊತ್ತಾಗಿದ್ದು ಬಹಳ ತಡವಾಗಿ.

ನಮ್ಮ ಕಡೆ ಜಮೀನಿನ ಮಾತು ಬಂದರೆ ಮೊದಲ ಪ್ರಶ್ನೆ, "ಕಾಲುವಿ ಮ್ಯಾಲೋ, ಕೆಳಗೋ?" ಕಾಲುವೆ ಏರಿಳಿತ ನೋಡಿಕೊಂಡು ಬಳಸಿ ಬಳಸಿ ಹೋಗುತ್ತೆ. ಅದರ ಕೆಳಗಿನ ಹೊಲಕ್ಕೆ ನೀರು ತಾನಾಗಿ ಇಳಿಯುತ್ತೆ. ಮೇಲಿನ ಹೊಲಕ್ಕೆ ಹತ್ತುವುದಿಲ್ಲ. ಒಂದೇ ಅಜ್ಜನ ಇಬ್ಬರು ಮಕ್ಕಳಲ್ಲಿ ಒಬ್ಬನ ಪಾಲು ಮೇಲೆ, ಇನ್ನೊಬ್ಬನದು ಕೆಳಗೆ ಬಿದ್ದರೆ ಮುಗೀತು. ಒಬ್ಬನ ಮಕ್ಕಳು ಅನ್ನ ಉಣ್ಣುತ್ತಾರೆ, ಇನ್ನೊಬ್ಬನ ಮಕ್ಕಳು ರೊಟ್ಟಿ ತಿನ್ನುತ್ತಾರೆ. ಕನ್ಯೆ ಕೊಡುವವರು ಕೇಳುತ್ತಿದ್ದುದೂ ಇದನ್ನೇ. ಅವ್ವನನ್ನು ಅಪ್ಪನಿಗೆ ಕೊಟ್ಟಾಗ ಅಜ್ಜಿ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದಳಂತೆ, "ನನ್ನ ಮಗಳು ಅನ್ನ ಉಣ್ಣೋ ಊರಿಗೆ ಹೋಗ್ಯಾಳ."

ಅಜ್ಜಿಯ ಹೊಲದ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಂದಿಷ್ಟು ಮಸಾರಿ, ಅಂದರೆ ಕೆಂಪು ನೆಲ. ಒಂದಿಷ್ಟು ಎರೆ, ಅಂದರೆ ಕಪ್ಪು ನೆಲ. ಮಸಾರಿಯಲ್ಲಿ ಮುಂಗಾರಿಗೆ ಸಜ್ಜೆ, ಹೆಸರು, ನವಣೆ, ಶೇಂಗಾ. ಎರೆಯಲ್ಲಿ ಹಿಂಗಾರಿಗೆ ಬಿಳಿ ಜೋಳ, ಕಡಲೆ. ಆದರೆ ಹಾಗೆ ಒಂದೊಂದೇ ಹೆಸರು ಹೇಳಿದರೆ ಆ ಹೊಲ ಕಣ್ಣಿಗೆ ಬರುವುದಿಲ್ಲ. ಸಜ್ಜೆಯಲ್ಲಿ ಇಷ್ಟು ಸಾಲಿಗೊಂದು ಅಂತ ತೊಗರಿಯ ಅಕ್ಕಡಿ ಸಾಲು. ಆ ಸಾಲಿನಲ್ಲೇ ನಡುನಡುವೆ ಪುಂಡಿ, ಅಲಸಂದಿ, ಮಡಕಿ. ಜೋಳದ ಹೊಲದ ಅಂಚಿಗೆ ಕುಸುಬಿ. ಅದರ ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ. ಬೇಲಿಗೆ ಬೇಲಿಯೂ ಆಯಿತು, ಒಗ್ಗರಣೆಗೆ ಎಣ್ಣೆಯೂ ಆಯಿತು. ಒಂದೆರಡು ಸಾಲು ಗುರೆಳ್ಳು, ಒಂದೆರಡು ಸಾಲು ಅಗಸಿ. ಬದುವಿನ ಮೇಲೆ ಹಿರೇಬಳ್ಳಿ.

ಇವು ಬಿತ್ತಿದವು. ಬಿತ್ತದೇ ಬರುವವು ಬೇರೆ ಇದ್ದವು. ಹಕ್ಕರಕಿ, ಕಿರಕಸಾಲಿ, ಗೋಳಿ. ಕಳೆ ತೆಗೆಯಲು ಹೋದ ಹೆಂಗಸರು ಸಂಜೆ ಬರುವಾಗ ಸೀರೆಯ ಉಡಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಕಳೆಯೂ ಹೋಯಿತು, ಪಲ್ಯೆಯೂ ಬಂತು. ಅಜ್ಜಿ ಕಟ್ಟೆಯ ಮೇಲೆ ಕುಂತು ಉಡಿ ಬಿಚ್ಚಿ, ಮಣ್ಣು ಜಾಡಿಸಿ, ಇದು ಹಸಿ ತಿನ್ನಾಕ, ಇದು ಬೇಳಿಗೆ ಹಾಕಾಕ ಅಂತ ಬೇರೆ ಮಾಡುತ್ತಿದ್ದಳು. ಹಕ್ಕರಕಿಯ ಎಲೆಯನ್ನು ತೊಳೆದು ಹಾಗೇ ರೊಟ್ಟಿ ಜೊತೆ ಕಡಿಯುವುದು. ಸಣ್ಣ ಕಹಿ ಇರುತ್ತೆ. ಅದರ ಮೇಲೆ ಹಸಿ ಉಳ್ಳಾಗಡ್ಡಿ ಕಡಿದರೆ ಆ ಕಹಿ ಸಿಹಿಯಾದಂತೆ ಅನಿಸುತ್ತೆ.

ಅಜ್ಜಿಯ ತಾಟನ್ನು ಒಮ್ಮೆ ನೆನಪು ಮಾಡಿಕೊಂಡು ಲೆಕ್ಕ ಹಾಕಿದೆ. ಜೋಳದ ರೊಟ್ಟಿ. ಜೋಳದ ನುಚ್ಚು, ತೊಗರಿ ಬೇಳೆ ಹಾಕಿ ಕುದಿಸಿದ ಪುಂಡಿ ಪಲ್ಯೆ. ಗುರೆಳ್ಳು ಚಟ್ನಿ. ಹಸಿಮೆಣಸಿನಕಾಯಿ ಖಾರ. ಹಕ್ಕರಕಿ. ಒಂದು ಬಟ್ಟಲು ಮಜ್ಜಿಗೆ. ಇದರಲ್ಲಿ ಸಂತೆಯಿಂದ ಬಂದಿದ್ದು ಉಪ್ಪು, ಬಳ್ಳೊಳ್ಳಿ ಅಷ್ಟೇ. ಮಜ್ಜಿಗೆ ಕೂಡ ಹೊಲದಿಂದಲೇ ಬಂದಿದ್ದು ಅಂತ ನನಗೆ ಹೊಳೆದಿದ್ದು ಆಮೇಲೆ. ಜೋಳದ ಕಣಿಕೆ, ಅಂದರೆ ಒಣ ದಂಟು, ಇದ್ದರೆ ಎತ್ತು, ಆಕಳು. ಆಕಳು ಇದ್ದರೆ ಮಜ್ಜಿಗೆ, ಬೆಣ್ಣೆ. ಮಾಲ್ದಂಡಿ ಜೋಳವನ್ನು ನಮ್ಮವರು ಬಿಡದೇ ಇದ್ದುದಕ್ಕೆ ತೆನೆ ಎಷ್ಟು ಕಾರಣವೋ ದಂಟೂ ಅಷ್ಟೇ ಕಾರಣ. ಆಳೆತ್ತರ ಬೆಳೆಯುತ್ತೆ, ದನಕ್ಕೆ ಸಿಹಿ. ಗಿಡ್ಡ ಹೈಬ್ರಿಡ್ ಬಂದಾಗ ಕಾಳು ಜಾಸ್ತಿ ಕೊಟ್ಟರೂ, "ದನಾ ಏನು ತಿನ್ನಬೇಕು?" ಅಂತ ಅಜ್ಜಿ ಕೇಳಿದ್ದಳಂತೆ.

ಈಗ ಅಪ್ಪನ ಗದ್ದೆಗೆ ಬರೋಣ. ಕೆಸರು ಮಾಡಿ, ಮಟ್ಟ ಮಾಡಿ, ನೀರು ನಿಲ್ಲಿಸಿ ನಾಟಿ ಮಾಡಿದ ಮೇಲೆ ಅಲ್ಲಿ ಭತ್ತ ಬಿಟ್ಟು ಇನ್ನೊಂದಕ್ಕೆ ಜಾಗವೇ ಇಲ್ಲ. ನೀರು ನಿಲ್ಲಿಸುವುದು ಭತ್ತಕ್ಕೆ ಎಷ್ಟು ಬೇಕೋ, ಕಳೆ ಉಸಿರು ಕಟ್ಟಲಿ ಅನ್ನುವುದಕ್ಕೂ ಅಷ್ಟೇ ಬೇಕು. ಅದಕ್ಕೂ ಬಗ್ಗದ ಕಳೆಗೆ ಎಣ್ಣೆ ಹೊಡೆಯುತ್ತಾರೆ. ನಮ್ಮ ಕಡೆ ಕೀಟದ ಔಷಧಿಗೂ, ಕಳೆಯ ಔಷಧಿಗೂ ಒಂದೇ ಹೆಸರು, ಎಣ್ಣೆ. ಚಲೋ ವರ್ಷ ಎಕರೆಗೆ ನಲವತ್ತು ಚೀಲ, 75 ಕೆಜಿಯ ಚೀಲ. ಅಜ್ಜಿ ತನ್ನ ಇಡೀ ಹೊಲದಲ್ಲಿ ಕಾಣದಷ್ಟು ಕಾಳನ್ನು ಅಪ್ಪ ಎರಡು ಎಕರೆಯಲ್ಲಿ ಕಂಡ. ಆದರೆ ತಾಟಿನಲ್ಲಿ ಗದ್ದೆಯಿಂದ ಬಂದಿದ್ದು ಅನ್ನ ಒಂದೇ. ಬೇಳೆ, ಎಣ್ಣೆ, ಹುಣಸೆಹಣ್ಣು, ಟೊಮೆಟೊ, ಕೊತ್ತಂಬರಿ ಎಲ್ಲ ಕಾರಟಗಿ ಬಜಾರಿನದು. ಕಟಾವಿಗೆ ಮಷಿನ್ ಬಂದ ಮೇಲೆ ಹುಲ್ಲೂ ಗದ್ದೆಯಲ್ಲೇ ಉಳಿಯಿತು. ಎತ್ತು ಹೋದವು, ಆಕಳೂ ಹೋಯಿತು. ಈಗ ನಮ್ಮ ಹಳ್ಳಿಯ ಮನೆಗೆ ಬೆಳಿಗ್ಗೆ ಪ್ಯಾಕೆಟ್ ಹಾಲು ಬರುತ್ತೆ. ಎರಡು ಬೆಳೆ ತೆಗೆಯುವ ನಮ್ಮ ಮನೆಯ ಕಿರಾಣಿ ಲೆಕ್ಕದ ಪುಸ್ತಕ ದಪ್ಪ. ಒಣ ಬೇಸಾಯದ ಅಜ್ಜಿಗೆ ಕಿರಾಣಿ ಅಂಗಡಿಯಲ್ಲಿ ಲೆಕ್ಕವೇ ಇರಲಿಲ್ಲ. ಕೈಯಲ್ಲಿ ರೊಕ್ಕವೂ ಇರಲಿಲ್ಲ, ಅದು ಬೇರೆ ಮಾತು.

ಊಟದ ರೀತಿಯೂ ಹೀಗೇ ಬದಲಾಯಿತು. ರೊಟ್ಟಿಗೆ ಗಟ್ಟಿಯಾದದ್ದು ಬೇಕು. ಪಲ್ಯೆ, ಚಟ್ನಿಪುಡಿ, ಖಾರ, ಮುರಿದುಕೊಂಡು ಎತ್ತುವಂಥದ್ದು. ಅನ್ನಕ್ಕೆ ತಿಳಿಯಾದದ್ದು ಬೇಕು. ಹಾಗಾಗಿ ಪಲ್ಯೆ ಹಿಂದೆ ಸರಿದು ಸಾರು ಮುಂದೆ ಬಂತು. ಗದ್ದೆಯಲ್ಲಿ ನೀರು ನಿಂತ ಹಾಗೆ ತಾಟಿನಲ್ಲೂ ನೀರು ನಿಂತಿತು. ಕಾಲು ಕೆಜಿ ಸೊಪ್ಪು ರೊಟ್ಟಿ ಜೊತೆ ಇಬ್ಬರಿಗೆ ಸಾಲುವುದಿಲ್ಲ. ಅದೇ ಸೊಪ್ಪು ಸಾರಿಗೆ ಬಿದ್ದರೆ ಮನೆಮಂದಿಗೆಲ್ಲ ಆಗುತ್ತೆ.

ಹಾಗಂತ ಅನ್ನ ಇಲ್ಲಿಗೆ ಹೊಸದು ಅಂದರೆ ತಪ್ಪಾಗುತ್ತೆ. ಹೊಳೆಯ ದಂಡೆಯವರಿಗೆ ಅದು ಹಳೆಯದು. ಆನೆಗೊಂದಿ, ಹಂಪಿ ಸುತ್ತ ವಿಜಯನಗರದ ಕಾಲದ ಕಾಲುವೆಗಳು ಇವತ್ತಿಗೂ ಹರಿಯುತ್ತಿವೆ. ಅಲ್ಲಿ ಭತ್ತ, ಬಾಳೆ ಇದ್ದೇ ಇವೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಸೀಮೆಯಲ್ಲಿ ಅಕ್ಕಿ, ಜೋಳ, ಕಾಳುಕಡಿ, ಹತ್ತಿ ಎಲ್ಲ ಬೆಳೆಯುತ್ತಿದ್ದುದನ್ನು ಬರೆದಿದ್ದಾನೆ. ಆಗ ಹೊಳೆ ದಂಡೆಗೆ ಅನ್ನ, ಒಳನಾಡಿಗೆ ರೊಟ್ಟಿ. ಒಳನಾಡಿನವರಿಗೆ ಅನ್ನ ಅಂದರೆ ಹಬ್ಬ, ಮದುವೆ, ಇಲ್ಲಾ ಮೈ ಹುಷಾರಿಲ್ಲದಾಗ.

ಆ ಗೆರೆ ಅಳಿಸಿದ್ದು ತುಂಗಭದ್ರಾ ಡ್ಯಾಮು. ಕೆಲಸ ಶುರುವಾಗಿದ್ದು 1945ರಲ್ಲಿ. ಆಗ ಹೊಳೆಯ ಈ ದಂಡೆ ನಿಜಾಮರದು, ಆ ದಂಡೆ ಮದ್ರಾಸಿನದು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಈಗ ಆಶ್ಚರ್ಯ ಅನಿಸುವ ಸಂಗತಿ ಅಂದರೆ ಈ ಕಾಲುವೆಯನ್ನು ಭತ್ತಕ್ಕೆ ಅಂತ ಮಾಡಿದ್ದೇ ಅಲ್ಲ. ಬರದ ಸೀಮೆ, ಇದ್ದ ನೀರನ್ನು ಆದಷ್ಟು ಜಾಸ್ತಿ ಹೊಲಕ್ಕೆ ತೆಳ್ಳಗೆ ಹಂಚಬೇಕು, ಜೋಳ, ಹತ್ತಿ, ಶೇಂಗಾದಂಥ ಬೆಳೆ ಒಣಗದಂತೆ ನೋಡಿಕೊಳ್ಳಬೇಕು ಅನ್ನುವುದು ಯೋಜನೆ. ಭತ್ತಕ್ಕೆ ಇಂತಿಷ್ಟೇ ಜಾಗ ಅಂತ ಗುರುತು ಮಾಡಿದ್ದರು. ಕಾಗದದ ಮೇಲೆ ಅದು ಇವತ್ತಿಗೂ ಹಾಗೇ ಇದೆ. ಆದರೆ ಮುಂದೆ ನೀರು ಹರಿಯುತ್ತಿರುವಾಗ ಯಾರು ಜೋಳ ಬಿತ್ತುತ್ತಾರೆ? ಮೇಲ್ಭಾಗದವರು ಭತ್ತ ಹಾಕಿದರು. ಕೆಳಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆಯವರು ನೀರಿಗಾಗಿ ವರ್ಷಾ ವರ್ಷ ರಸ್ತೆಗೆ ಇಳಿಯುತ್ತಾರೆ. ಅಪ್ಪನೂ ಆ ಮೇಲ್ಭಾಗದವನೇ. ನಮ್ಮ ಬಟ್ಟಲಿನ ಅನ್ನದಲ್ಲಿ ಯಾರದೋ ಹೊಲದ ನೀರಿದೆ. ಇದನ್ನು ಮನೆಯಲ್ಲಿ ಒಮ್ಮೆ ಹೇಳಿದ್ದಕ್ಕೆ ಅಪ್ಪ ಎರಡು ದಿನ ಮಾತಾಡಲಿಲ್ಲ.

ಭತ್ತ ಬೆಳೆಯುವುದನ್ನು ನಮ್ಮವರಿಗೆ ತೋರಿಸಿದವರು ಕ್ಯಾಂಪಿನವರು. ಗಂಗಾವತಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೋದರೆ ಉದ್ದಕ್ಕೂ ಹೆಸರಿನ ಕೊನೆಗೆ 'ಕ್ಯಾಂಪ್' ಇರುವ ಊರುಗಳೇ. ಕರಾವಳಿ ಆಂಧ್ರದಿಂದ ಬಂದ ರೈತರು ಅಲ್ಲಿ ಒಂದೆರಡು ಎಕರೆ ಮಾರಿ ಇಲ್ಲಿ ಹತ್ತಿಪ್ಪತ್ತು ಎಕರೆ ಕೊಂಡರು. ನಮ್ಮ ಎರೆ ಹೊಲವನ್ನು ಮಟ್ಟ ಮಾಡಿ ಗದ್ದೆ ಮಾಡಿದರು. ನಮ್ಮ ಅಜ್ಜ ನಾಟಿ ಕಲಿತಿದ್ದು ಅವರ ಗದ್ದೆಯಲ್ಲಿ ಕೂಲಿ ಮಾಡುತ್ತಾ. ಸಿಂಧನೂರಿನ ಹತ್ತಿರ ಪೂರ್ವ ಬಂಗಾಳದಿಂದ ಬಂದವರ ಕ್ಯಾಂಪುಗಳೂ ಇವೆ. ಅವರಿಗೆ ಅನ್ನದ ಜೊತೆ ಮೀನು ಬೇಕೇ ಬೇಕು.

ಅಪ್ಪನ ಗೆಳೆಯರೊಬ್ಬರ ಮನೆ ಕ್ಯಾಂಪಿನಲ್ಲಿತ್ತು. ಚಿಕ್ಕವನಿದ್ದಾಗ ಒಮ್ಮೆ ಅಲ್ಲಿ ಊಟ ಮಾಡಿದೆ. ಬಿಸಿ ಅನ್ನ, ತುಪ್ಪ, ಒಂದು ಕಡುಹಸಿರು ಚಟ್ನಿ. ಹುಳಿ ನೆತ್ತಿಗೇರಿತು. ಮನೆಗೆ ಬಂದು ಅವ್ವನಿಗೆ ಹೇಳಿದೆ, "ಯವ್ವಾ, ಅವರು ಗೋಂಗೂರ ಅಂತ ಏನೋ ಮಾಡ್ತಾರ, ಭಾಳ ಚಲೋ ಐತಿ." ಅವ್ವ ನಕ್ಕಳು. "ಅದು ನಮ್ಮ ಪುಂಡಿನ ಅಲ್ಲೇನೋ!" ಅದೇ ಎಲೆ. ರೊಟ್ಟಿಯ ಊರಿನಲ್ಲಿ ಅದಕ್ಕೆ ನುಚ್ಚು ಹಾಕಿ ಹುಳಿ ಮುರಿದು, ರೊಟ್ಟಿ ಮೇಲೆ ರಾಶಿ ಹಾಕಿಕೊಂಡು ತಿನ್ನುತ್ತಾರೆ. ಅನ್ನದ ಊರಿನಲ್ಲಿ ಹುಳಿಯನ್ನು ಇನ್ನೂ ಹೆಚ್ಚು ಮಾಡಿ, ಎಣ್ಣೆ, ಒಣಮೆಣಸಿನಕಾಯಿ ಸುರಿದು, ಬೆರಳ ತುದಿಯಷ್ಟು ಹಚ್ಚಿಕೊಂಡು ಒಂದು ತಾಟು ಅನ್ನ ದಾಟಿಸುತ್ತಾರೆ. ಒಂದೇ ಗಿಡವನ್ನು ಎರಡು ಬೆಳೆ ಎರಡು ರೀತಿ ಪಳಗಿಸಿಕೊಂಡಿವೆ. (ಹಾಗೆ ನೋಡಿದರೆ ನಮ್ಮ 'ಅಪ್ಪಟ' ಶೇಂಗಾ ಚಟ್ನಿಯ ಶೇಂಗಾವೂ, ಅದಕ್ಕೆ ಹಾಕುವ ಮೆಣಸಿನಕಾಯಿಯೂ ಅಮೆರಿಕದ ಕಡೆಯಿಂದ ಹಡಗು ಹತ್ತಿ ಬಂದವು. ಪಾಯೆಸ್ ಹಂಪಿಯ ಬಜಾರಿನಲ್ಲಿ ಸುತ್ತಾಡಿದಾಗ ಶೇಂಗಾ ಚಟ್ನಿ ಇರಲಿಕ್ಕಿಲ್ಲ.)

ಇಲ್ಲಿಗೆ ಬಂದಾಗ ಯಾರಾದರೂ "ಹಳೇ ಊಟಾನೇ ಚಲೋ ಇತ್ತು ಅಲ್ವಾ?" ಅನ್ನುತ್ತಾರೆ. ನಾನೂ ಅನ್ನುತ್ತಿದ್ದೆ. ಒಂದು ಸಲ ಅವ್ವನ ಎದುರಿಗೆ ಅಂದೆ.

ಅವ್ವ ಒಲೆಯ ಮುಂದೆ ಬೆಳೆದವಳು. ಒಕ್ಕಲುತನದ ಮನೆ, ಹನ್ನೆರಡು ಜನ, ದಿನಕ್ಕೆ ಅರವತ್ತು ರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇರುವುದಿಲ್ಲ. ಕುದಿಯುವ ಎಸರು ಹಾಕಿ, ಬಿಸಿ ಇರುವಾಗಲೇ ಅಂಗೈಯಿಂದ ಒತ್ತಿ ಒತ್ತಿ ಜಿಗಿ ಬರಿಸಬೇಕು. ಹಿಟ್ಟು ಹಳೆಯದಾದರೆ ಅದೂ ಬರುವುದಿಲ್ಲ, ಬಡಿದರೆ ಅಂಚು ಒಡೆಯುತ್ತೆ. ಅದಕ್ಕೇ ವಾರಕ್ಕೆ ಒಮ್ಮೆಯಾದರೂ ಹೊಸದಾಗಿ ಬೀಸಬೇಕು. ಗಿರಣಿ ಬರುವ ಮುಂಚೆ ಅದೂ ಕೈಯಲ್ಲೇ. ಹೊತ್ತು ಹುಟ್ಟುವ ಮುಂಚೆ ಎದ್ದು ಬೀಸಿ, ಬಡಿದು, ಬುತ್ತಿ ಕಟ್ಟಿ, ಆಮೇಲೆ ಎಲ್ಲರ ಜೊತೆ ಹೊಲಕ್ಕೆ.

"ನಿಮಗ ರೊಟ್ಟಿ ನೆನಪಾಗತೈತಿ," ಅಂದಳು ಅವ್ವ. "ನನಗ ಹೊಗಿ ನೆನಪಾಗತೈತಿ. ಈ ಮನಿಗೆ ಬಂದು ಒಂದ ಗಡಿಗಿ ಅನ್ನಕ್ಕ ಇಟ್ಟು ಹೊರಗ ಬಂದು ಕುಂತ ದಿನಾ ಐತಲ್ಲ, ಅವತ್ತು ನಾನು ಅತ್ತೀನಿ."

ಇದಾದ ಮೇಲೆ ಹಳೇ ಊಟದ ಗುಣಗಾನ ಮಾಡುವ ಗಂಡಸರನ್ನು ಕಂಡರೆ ನನಗೆ ಒಂದೇ ಪ್ರಶ್ನೆ. ಬಡಿಯುತ್ತಿದ್ದವರು ಯಾರು? ಬೆಂಗಳೂರಿನಲ್ಲಿ ಸಿರಿಧಾನ್ಯದ ಹೋಟೆಲಿಗೆ ಹೋಗಿದ್ದೆ. ಗೋಡೆಯ ಮೇಲೆ ಬೀಸುಕಲ್ಲು ನೇತು ಹಾಕಿದ್ದರು. ಅವ್ವ ನೋಡಿದ್ದರೆ ಏನಂತಿದ್ದಳೋ.

ಹಸಿವಿನ ಲೆಕ್ಕವೂ ಇದೆ. 72ರ ಬರದಲ್ಲಿ ಅಜ್ಜಿಯ ಆ ಎಲ್ಲ ಸಾಲುಗಳೂ ಒಣಗಿದವು. ಹೊಲದಲ್ಲಿ ಹದಿನೆಂಟು ಥರ ಬಿತ್ತಿದರೂ ಮಳೆಯೇ ಇಲ್ಲದಿದ್ದರೆ ಏನು ಬರುತ್ತೆ? ಊರಿನ ಅರ್ಧ ಜನ ಕಾಲುವೆ ಸೀಮೆಗೆ ಕಳೆ ತೆಗೆಯಲು ಬಂದರು. ಅಜ್ಜಿಯೂ ಬಂದಳು. ಕೂಲಿ ಭತ್ತದಲ್ಲಿ. ಹಬ್ಬದ ಅನ್ನವನ್ನು ಆಕೆ ದಿನಾ ಉಂಡಿದ್ದು ಬರಗಾಲದಲ್ಲಿ. ಮಗಳನ್ನು ಅನ್ನದ ಊರಿಗೇ ಕೊಡಬೇಕು ಅಂತ ಆಗಲೇ ಮನಸ್ಸು ಮಾಡಿದ್ದಳು ಅಂತ ಕಾಣುತ್ತೆ.

ಕಾಲುವೆ ಹೋಗದ ಊರಿಗೂ ಆಮೇಲೆ ಅನ್ನ ಹೋಯಿತು, ಲಾರಿಯಲ್ಲಿ. 2013ರಲ್ಲಿ ಅನ್ನಭಾಗ್ಯ ಬಂದಾಗ ಕೆಜಿ ಅಕ್ಕಿಗೆ 1 ರೂಪಾಯಿ. ಈಗ ಅದೂ ಇಲ್ಲ, ಪುಕ್ಕಟೆ. ಅಜ್ಜಿಯ ಊರಿನಲ್ಲೂ ರಾತ್ರಿ ನುಚ್ಚು ಹೋಗಿ ಅನ್ನ ಬಂತು. ಹೊಟ್ಟೆ ತುಂಬಿತು, ಅದನ್ನು ಹಗುರ ಮಾಡಿ ಮಾತಾಡುವವರ ಜೊತೆ ನಾನಿಲ್ಲ. ಆದರೆ ಮನೆಗೆ ಬೇಡವಾದ ಮೇಲೆ ಹೊಲದಲ್ಲೂ ನವಣೆಗೆ ಕೆಲಸ ಉಳಿಯಲಿಲ್ಲ. ಆ ಜಾಗಕ್ಕೆ ಗೋವಿನಜೋಳ ಬಂತು, ಕೋಳಿ ಆಹಾರದ ಕಾರ್ಖಾನೆಗೆ ಹೋಗುವುದು. ಅದರಲ್ಲಿ ಅಕ್ಕಡಿ ಹಾಕುವವರನ್ನು ನಾನು ನೋಡಿಲ್ಲ.

ಹೀಗೆ ಎಲ್ಲ ತಿರುಗಾಮುರುಗಾ ಆಯಿತು. ಮೊದಲು ದಿನಾ ರೊಟ್ಟಿ, ಹಬ್ಬಕ್ಕೆ ಅನ್ನ. ಈಗ ದಿನಾ ಅನ್ನ, ಹಬ್ಬಕ್ಕೆ ರೊಟ್ಟಿ. ನಮ್ಮೂರಿನಲ್ಲಿ ವರ್ಷಕ್ಕೆ ಎರಡು ಸಲ ಎಲ್ಲ ಮನೆಯಿಂದ ರೊಟ್ಟಿಯ ಸದ್ದು ಬರುತ್ತೆ. ಒಂದು, ಎಳ್ಳಮಾವಾಸ್ಯೆ. ಸಜ್ಜೆ ರೊಟ್ಟಿ, ಕಡುಬು, ಬದನೆಕಾಯಿ ಪಲ್ಯೆ ಹೊಲಕ್ಕೆ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಭೂಮಿತಾಯಿಗೆ ಎಡೆ ಅಂತ ಹೊಲದಲ್ಲಿ ಚೆಲ್ಲುತ್ತಾರೆ. ಹಿಂಗಾರಿ ಜೋಳದ ಹೊಲ ಬಸುರಿ, ಆಕೆಯ ಬಯಕೆ ತೀರಿಸಬೇಕು ಅನ್ನುವ ಹಬ್ಬ ಅದು. ನಾವು ಆ ಚರಗವನ್ನು ಭತ್ತ ಕೊಯ್ದ ಕೂಳೆಯಲ್ಲಿ ಚೆಲ್ಲುತ್ತೇವೆ. ಹೆತ್ತಾದ ಮೇಲೆ ಬಯಕೆಯೂಟ!

ಇನ್ನೊಂದು, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಗವಿಮಠದ ದಾಸೋಹಕ್ಕೆ ಊರೂರಿನಿಂದ ರೊಟ್ಟಿ ಹೋಗುತ್ತೆ, ಟ್ರ್ಯಾಕ್ಟರುಗಟ್ಟಲೆ. ಒಟ್ಟು ಲಕ್ಷಗಳ ಲೆಕ್ಕ. ಸುಟ್ಟು ಒಣಗಿಸಿದ ಖಡಕ್ ರೊಟ್ಟಿಯನ್ನು ಗೋಡೆಯ ಹಾಗೆ ಒಟ್ಟಿರುತ್ತಾರೆ. ಅನ್ನದ ಊರಿನ ಹೆಂಗಸರೂ ಅಂಗಡಿಯಿಂದ ಜೋಳ ತಂದು, ಬೀಸಿಸಿ, ನಾಲ್ಕು ಮನೆಯವರು ಒಂದೆಡೆ ಕೂಡಿ ಬಡಿಯುತ್ತಾರೆ. ಅವತ್ತು ಅವ್ವನೂ ಕೂರುತ್ತಾಳೆ. ಹೊಗೆಯ ಮಾತು ಎತ್ತುವುದಿಲ್ಲ. ನಾನು ಕೇಳಿದ್ದಕ್ಕೆ, "ಅದು ಮಠದ ಅಜ್ಜಾರಿಗೆ. ನಿಮ್ಮಪ್ಪಗಲ್ಲ," ಅಂದಳು.

2023ರಲ್ಲಿ ಮಳೆ ಕೈಕೊಟ್ಟಿತು, ಡ್ಯಾಮು ತುಂಬಲಿಲ್ಲ. ಮುಂಗಾರಿನ ಭತ್ತ ಹೇಗೋ ಕೈಗೆ ಬಂತು. ಎರಡನೇ ಬೆಳೆಗೆ ನೀರಿಲ್ಲ ಅಂದರು. ಸಿಂಧನೂರು ಕಡೆ ಹೀಗಾದಾಗ ಜೋಳ ಹಾಕುವ ರೂಢಿ ಇದೆ. ಹಾಕಿ ಬೆಂಬಲ ಬೆಲೆಗೆ ಸರ್ಕಾರಕ್ಕೆ ಕೊಡುತ್ತಾರೆ. ನಮ್ಮೂರಿನವರು ಗದ್ದೆ ಹಾಗೇ ಬಿಟ್ಟರು. ಅಪ್ಪನಿಗೆ ಸುಮ್ನೆ ಕೂರಲು ಆಗಲಿಲ್ಲ. ಒಂದು ಎಕರೆಗೆ ಮಾಲ್ದಂಡಿ ಬಿತ್ತುತ್ತೇನೆ ಅಂದ. ಮೂವತ್ತು ವರ್ಷದ ಮೇಲೆ ಮನೆಯಲ್ಲಿ ಜೋಳ.

ಮೊದಲನೆಯದಾಗಿ ಹೊತ್ತು ಮೀರಿತ್ತು. ಹಿಂಗಾರಿ ಜೋಳ ಬೀಳಬೇಕಾದದ್ದು ಚಿತ್ತಿ ಮಳೆಯ ಸುಮಾರಿಗೆ, ಅಂದರೆ ಅಕ್ಟೋಬರಿನಲ್ಲಿ. ಅಪ್ಪ ಬಿತ್ತಿದ್ದು ಡಿಸೆಂಬರಿನಲ್ಲಿ. ಬಿತ್ತುವ ಕೂರಿಗೆ ಹಿಡಿಯುವವರು ಊರಿನಲ್ಲಿ ಯಾರೂ ಇಲ್ಲ. ಅಟ್ಟದ ಮೇಲಿದ್ದ ಹಳೇ ಕೂರಿಗೆಗೆ ಗೆದ್ದಲು ಹತ್ತಿತ್ತು. ಕಡೆಗೆ ಟ್ರ್ಯಾಕ್ಟರಿನವನಿಗೆ ಹೇಳಿ ಬಿತ್ತಿಸಿದ. ವರ್ಷಗಟ್ಟಲೆ ಕೆಸರು ಮಾಡಿದ ನೆಲ, ಒಣಗಿದರೆ ಕಲ್ಲು. ಹಳ್ಳದಿಂದ ಪಂಪು ಹಚ್ಚಿ ಒಂದು ಸಲ ನೀರು ಹಾಯಿಸಿದ ಮೇಲೆ ಮೊಳಕೆ ಬಂತು. ತಡವಾದದ್ದಕ್ಕೆ ಸುಳಿನೊಣ ಬಿತ್ತು, ಕಾಲು ಭಾಗ ಸುಳಿ ಒಣಗಿತು. ಉಳಿದದ್ದು ಎದ್ದಿತು. ಅಪ್ಪ ದಿನಾ ಬೆಳಿಗ್ಗೆ, ಸಂಜೆ ಹೋಗಿ ನೋಡಿ ಬರುತ್ತಿದ್ದ. ಫೋನಿನಲ್ಲಿ ಬೇರೆ ಮಾತೇ ಇಲ್ಲ.

ಹಾಲುಗಾಳು ಕಟ್ಟಿದ ವಾರ ಹಕ್ಕಿಗಳು ಬಂದವು.

ನಾನು ಊರಿಗೆ ಹೋಗಿದ್ದೆ. ಇಷ್ಟು ಹಕ್ಕಿ ಎಲ್ಲಿದ್ದವು ಅನ್ನುವ ಹಾಗೆ. ಗುಬ್ಬಿ, ಗಿಳಿ, ಮತ್ತೆ ತಿಳಿಗೆಂಪು ಮೈಯ ಕಬ್ಬಕ್ಕಿಗಳ ದೊಡ್ಡ ಹಿಂಡು. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಹಾರಿ ಬರುವ ಇವು ನಮ್ಮ ಜೋಳದ ಸೀಮೆಯ ಹಳೇ ನೆಂಟರು. ಹಿಂಡು ಇಳಿದರೆ ತೆನೆ ಬಾಗುತ್ತಿತ್ತು. ಓಡಿಸಿದರೆ ಒಂದು ಸುತ್ತು ಹಾಕಿ ಮತ್ತೆ ಅಲ್ಲೇ. ಅಪ್ಪ ಅಟ್ಟ ಕಟ್ಟಿದ. ಕವಣೆ ಬೀಸಲು ಹೋಗಿ ಕಲ್ಲು ಹಿಂದಕ್ಕೆ ಹಾರಿತು. ಕೈ ಮರೆತಿತ್ತು. ತಗಡು ಬಾರಿಸಿದೆವು, ಪಟಾಕಿ ಹೊಡೆದೆವು. ನಾಲ್ಕು ದಿನ ಗಂಟಲು ಹರಿದುಕೊಂಡೆವು.

ನಮ್ಮ ಆಟ ನೋಡಲು ಬಂದ ಊರಿನ ಹಿರಿಯರೊಬ್ಬರು ಬದುವಿನ ಮೇಲೆ ಕುಂತು ಎಲೆಅಡಿಕೆ ಹಾಕಿಕೊಳ್ಳುತ್ತಾ ಹೇಳಿದರು. "ಊರೆಲ್ಲಾ ಬಿತ್ತಿದ್ರ ಹಕ್ಕಿಗೂ ಪಾಲು, ನಿನಗೂ ಪಾಲು. ನೀ ಒಬ್ಬನ ಬಿತ್ತೀದಿ. ಸುತ್ತು ಹತ್ತು ಹಳ್ಳಿ ಹಕ್ಕಿಗೆ ನಿಂದೊಂದ ತಾಟು."

ಒಬ್ಬನ ಮನಸ್ಸಿನಿಂದ ಇದು ಆಗುವುದಲ್ಲ ಅಂತ ನನಗೆ ಅರ್ಥವಾಗಿದ್ದು ಅಲ್ಲಿ. ನಾಳೆ ಬೆಳಿಗ್ಗೆ ಜೋಳ ತಿನ್ನುತ್ತೇನೆ ಅಂದರೆ ತಿನ್ನಬಹುದು, ಓಣಿಯ ತುದಿಗೆ ಅಂಗಡಿ ಇದೆ. ಬೆಳೆಯುತ್ತೇನೆ ಅಂದರೆ ಊರು ಬೇಕು, ಎತ್ತು ಬೇಕು, ಕೂರಿಗೆ ಬೇಕು, ಕವಣೆ ಬೀಸುವ ಕೈ ಬೇಕು. ಹಕ್ಕಿಯ ಹಸಿವನ್ನು ಹಂಚಿಕೊಳ್ಳಲು ಅಕ್ಕಪಕ್ಕದ ಹೊಲ ಬೇಕು. ಅಷ್ಟು ಇಟ್ಟುಕೊಂಡೇ ಅಜ್ಜಿ ಆ ರೊಟ್ಟಿ ತಿಂದಿದ್ದು.

ಕೊನೆಗೆ ಸಿಕ್ಕಿದ್ದು ಎರಡೂವರೆ ಚೀಲ. ಕೀಳಲು, ತೆನೆ ಮುರಿಯಲು, ಬಡಿಯಲು ಕೊಟ್ಟ ಕೂಲಿಯ ರೊಕ್ಕದಲ್ಲಿ ಬಜಾರಿನಲ್ಲಿ ನಾಲ್ಕು ಚೀಲ ಬರುತ್ತಿತ್ತು. ಅಪ್ಪ ಲೆಕ್ಕ ಬರೆದಿಟ್ಟಿದ್ದ, ಆಮೇಲೆ ಆ ಹಾಳೆ ಹರಿದ.

ಇದಕ್ಕೂ ಮುಂಚೆ, ಜೋಳ ಇನ್ನೂ ಮೊಳಕಾಲೆತ್ತರ ಇದ್ದಾಗ, ಒಂದು ಸಂಜೆ ಅವ್ವ ಹೊಲದಿಂದ ತಡವಾಗಿ ಬಂದಳು. ಸೆರಗನ್ನು ಮುಂದೆ ಎತ್ತಿ ಕಟ್ಟಿಕೊಂಡಿದ್ದಳು. ಪಡಸಾಲೆಯಲ್ಲಿ ಕುಂತು ಬಿಚ್ಚಿದರೆ ಉಡಿ ತುಂಬ ಹಕ್ಕರಕಿ, ಒಂದಿಷ್ಟು ಗೋಳಿ. ಆ ವರ್ಷ ನೀರು ನಿಲ್ಲಿಸಿರಲಿಲ್ಲ, ಎಣ್ಣೆಯನ್ನೂ ಹೊಡೆದಿರಲಿಲ್ಲ. ಎಲ್ಲಿಂದ ಗಾಳಿಗೆ ಬಂತೋ ಏನೋ. ಅಜ್ಜಿಯ ಹಾಗೇ ಮಣ್ಣು ಜಾಡಿಸಿ ಬೇರೆ ಬೇರೆ ಮಾಡಿದಳು. ಯಾರೂ ಕೇಳಲಿಲ್ಲ, ತಾನೇ ಎದ್ದು ಅಂಗಡಿಯಿಂದ ಹಿಟ್ಟು ತರಿಸಿ ಎಂಟು ರೊಟ್ಟಿ ಬಡಿದಳು. ಗ್ಯಾಸಿನ ಮೇಲೆ. ಎರಡು ಅಂಚು ಒಡೆದವು. "ಹಿಟ್ಟು ಹಳೇದು ಕೊಟ್ಟಾನ," ಅಂತ ಅಂಗಡಿಯವನಿಗೆ ಬೈದಳು. ಅಪ್ಪ ಮೂರು ತಿಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂಚೂರು ಅನ್ನ ಐತೇನು?" ಅಂತ ಕೇಳಿದ.

2024ರ ಮುಂಗಾರಿಗೆ ಡ್ಯಾಮು ತುಂಬಿತು. ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು 19ನೇ ಗೇಟು ಕೊಚ್ಚಿಕೊಂಡು ಹೋಯಿತು. ಅದನ್ನು ಮುಚ್ಚುವ ತನಕ, ಅಂದರೆ ಸುಮಾರು ಒಂದು ವಾರ, ಊರಿನಲ್ಲಿ ಯಾರಿಗೂ ನಿದ್ದೆ ಇಲ್ಲ. ಒಂದು ಸರಪಳಿ ಕಡಿದರೆ ಇಷ್ಟು ಲಕ್ಷ ಜನರ ಅನ್ನ ಅಲುಗಾಡುತ್ತೆ ಅಂತ ಅವತ್ತೇ ಗೊತ್ತಾಗಿದ್ದು. ಮತ್ತೆ ಮಳೆಯಾಯಿತು, ಮತ್ತೆ ತುಂಬಿತು. ಜೋಳದ ಆ ಎಕರೆಗೂ ಕೆಸರು ಮಾಡಿ ನಾಟಿ ಮಾಡಿದರು.

ಕಳೆಗೆ ಎಣ್ಣೆ ಹೊಡೆಯುವ ಹುಡುಗ ಬಂದ ದಿನ ಅವ್ವ ಅವನ ಹಿಂದೆ ಗದ್ದೆಯ ತನಕ ಹೋದಳು. ಪೂರ್ವದ ಕಡೆ ಬದುವಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ತೋರಿಸಿದಳು. "ಇಲ್ಲಿಂದ ಇಲ್ಲೀತನಕ ಹೊಡೀಬ್ಯಾಡಪ್ಪಾ."

"ಯಾಕ್ರೀ ಅಮ್ಮಾ, ಬರೀ ಕಸ ಐತಿ ಇಲ್ಲಿ," ಅಂದ ಹುಡುಗ.

"ಇರ್ಲಿ ಬಿಡು," ಅಂದಳು.